ತಳ್ಳೋದು, ಎಳೆಯೋದು ಕಲಿಸೋಕೆ ಬಟನ್ ರೋಬೋಟಾ, ವೈರ್ ಗಾಡಿನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೈರ್ ರಿಮೋಟಿನ ಗಾಡಿಗೆ. ಅದಕ್ಕೆ ಬಿದ್ದ ಖರ್ಚು 650 ರೂಪಾಯಿ. ಅದಕ್ಕೂ ಮುಂಚೆ ಬಟನ್ ಒತ್ತುವ ರೋಬೋಟಿಗೆ ನನ್ನ ಸಂಬಳದಲ್ಲೇ 6,500 ಕೊಟ್ಟಿದ್ದೆ.

ಮಂಡ್ಯದ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ನಲಿ-ಕಲಿ ಟೀಚರ್. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಕೈಯಾರೆ ಮಾಡಿ ಕಲಿಯೋದೇ ಇದರ ಜೀವ. ಹಾಗಾಗಿ ಈ ಪಾಠಕ್ಕೆ ಬೋರ್ಡಿನ ಮೇಲೆ ಬಾಣ ಬರೆದು ಮುಗಿಸಲು ಮನಸ್ಸು ಬರಲಿಲ್ಲ.

ಬಟನ್ ರೋಬೋಟ್ ನೋಡೋಕೆ ಚೆಂದ. ಬೆನ್ನ ಮೇಲೆ ಬಾಣದ ಗುರುತುಗಳಿವೆ. ಬೇಕಾದಷ್ಟು ಬಾಣ ಒತ್ತಿ ಆಮೇಲೆ ಹಸಿರು ಬಟನ್ ಒತ್ತಿದರೆ ಹೊರಡುತ್ತದೆ. ಒಂದು ಬಾಣಕ್ಕೆ 15 ಸೆಂಟಿಮೀಟರ್. ಎಡ, ಬಲ, ಎಣಿಕೆ, ಯಾವುದು ಮೊದಲು ಯಾವುದು ಆಮೇಲೆ, ಇದನ್ನೆಲ್ಲ ಕಲಿಸೋಕೆ ಬಹಳ ಒಳ್ಳೆಯದು.

ತೊಂದರೆ ಶುರುವಾಗಿದ್ದು ಅದರ ಮೂತಿಯಿಂದ. ಚಾಕ್‌ಪೀಸ್ ಡಬ್ಬಿಯಲ್ಲಿ ಎರಡು ಅಚ್ಚು ಬೆಲ್ಲ ಹಾಕಿ ಮುಂದೆ ಇಟ್ಟೆವು. ಮೂರು ಬಾಣ. ಮೊದಲನೆಯದಕ್ಕೆ ಡಬ್ಬಿ ನೆಟ್ಟಗೆ ಸರಿಯಿತು. ಎರಡನೆಯದಕ್ಕೆ ಎಡಕ್ಕೆ ಜಾರಿತು. ಮೂರನೆಯದರಲ್ಲಿ ರೋಬೋಟ್ ಒಂದು ಕಡೆ, ಡಬ್ಬಿ ಇನ್ನೊಂದು ಕಡೆ. ಮೂತಿ ಗುಂಡಗಿದ್ದರೆ ಡಬ್ಬಿಗೆ ತಾಗೋದು ಒಂದೇ ಚುಕ್ಕೆ. ಆ ಚುಕ್ಕೆ ನಡುಮಧ್ಯದಿಂದ ಸ್ವಲ್ಪ ತಪ್ಪಿದರೂ ಡಬ್ಬಿ ತಿರುಗಿಬಿಡುತ್ತದೆ. ರಟ್ಟು ಕತ್ತರಿಸಿ ಅಗಲವಾದ ಮೂತಿ ಅಂಟಿಸಿದೆ. ಆಗ ನೆಟ್ಟಗೆ ತಳ್ಳಿತು.

ಇನ್ನೂ ನಾಲ್ಕು ಬೆಲ್ಲ ಹಾಕಿದೆವು. ನಮ್ಮ ಶಾಲೆಯದು ನುಣುಪಾದ ಕೆಂಪು ನೆಲ. ಚಕ್ರ ನಿಂತಲ್ಲೇ ಗಿರ್ರನೆ ತಿರುಗಿತು, ಡಬ್ಬಿ ಕದಲಲಿಲ್ಲ. ಆದರೆ ರೋಬೋಟ್ ಮಾತ್ರ ಮೂರು ಹೆಜ್ಜೆ ಎಣಿಸಿ, ಲೈಟ್ ಮಿನುಗಿಸಿ, ಕೆಲಸ ಮುಗಿಯಿತು ಅಂತ ಪೀಂಗುಟ್ಟಿತು. "ಮಿಸ್, ಕೆಟ್ಟೋಯ್ತು" ಅಂತ ಮಕ್ಕಳು ಮುಖ ಸಪ್ಪೆ ಮಾಡಿಕೊಂಡರು. ಕೆಟ್ಟಿರಲಿಲ್ಲ. ಭಾರ ಜಾಸ್ತಿಯಾಗಿತ್ತು, ಚಕ್ರಕ್ಕೆ ನೆಲದ ಹಿಡಿತ ಸಾಲಲಿಲ್ಲ, ಅಷ್ಟೇ. ಆದರೆ ಪೀಂಗುಟ್ಟಿದ ಮೇಲೆ ಅದನ್ನು ಆರು ವರ್ಷದ ಮಗುವಿಗೆ ಹೇಗೆ ಹೇಳೋದು? ಅದೂ ಅಲ್ಲದೆ ಗಾಡಿ ಒದ್ದಾಡುವ ಹೊತ್ತಿಗೆ ಮಗುವಿನ ಬೆರಳು ಬಟನ್ ಬಿಟ್ಟು ಎಷ್ಟೋ ಹೊತ್ತಾಗಿರುತ್ತದೆ. ತಾನು ತಳ್ಳಿದೆ ಅಂತ ಅದಕ್ಕೆ ಅನ್ನಿಸೋದೇ ಇಲ್ಲ.

ಎಳೆಸೋಣ ಅಂದರೆ ದಾರ ಕಟ್ಟೋಕೆ ಒಂದು ಕೊಕ್ಕೆಯೂ ಇಲ್ಲ. ಟೇಪ್ ಹಾಕಿದರೆ ಕಿತ್ತು ಬಂತು.

ಮೊಬೈಲಿನಿಂದ ಬ್ಲೂಟೂತ್ ಮೂಲಕ ಓಡಿಸುವ ಗಾಡಿಯನ್ನೂ ಗೆಳತಿಯೊಬ್ಬರಿಂದ ತಂದು ನೋಡಿದೆ. ಮಕ್ಕಳ ಕಣ್ಣೆಲ್ಲ ಸ್ಕ್ರೀನಿನ ಮೇಲೆ. ಎರಡೇ ದಿನಕ್ಕೆ ವಾಪಸ್ ಕೊಟ್ಟೆ.

ವೈರ್ ಗಾಡಿಯ ಸಾಮಾನೆಲ್ಲ ಮೈಸೂರಿನ ಒಂದು ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿತು. ಎರಡು ಹಳದಿ ಗೇರ್ ಮೋಟಾರ್, ರಬ್ಬರ್ ಟೈರಿನ ಚಕ್ರ, ಮುಂದಕ್ಕೊಂದು ಪುಟ್ಟ ಉರುಳುಚಕ್ರ, ನಾಲ್ಕು ಸೆಲ್, ಮುಂದೆ ಹಿಂದೆ ಮಾಡುವ ಎರಡು ಸ್ವಿಚ್. ಬೆಸುಗೆ ಹಾಕಿಕೊಟ್ಟವರು ನಮ್ಮೂರಿನ ಮೊಬೈಲ್ ರಿಪೇರಿಯವರು. ಸ್ವಿಚ್ ಒತ್ತಿದಷ್ಟು ಹೊತ್ತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಹಿಂದೆ ಸ್ಕ್ರೂ ಹಾಕಿ ದಾರ ಕಟ್ಟಿ ಅದೇ ಡಬ್ಬಿ ಎಳೆಸಿದೆವು. ಎರಡನೇ ಕ್ಲಾಸಿನ ಹುಡುಗಿ ಮುಂದಕ್ಕೆ ಒತ್ತಿದಳು. ದಾರ ಬಿಗಿಯಾಯಿತು, ಡಬ್ಬಿ ಬಂತು. ಹಿಂದಕ್ಕೆ ಒತ್ತಿದಳು. ದಾರ ಸಡಿಲವಾಗಿ ನೆಲದ ಮೇಲೆ ಸುರುಳಿ ಬಿತ್ತು, ಡಬ್ಬಿ ಅಲ್ಲಾಡಲಿಲ್ಲ. ಐದಾರು ಸಲ ಹಾಗೇ ಮಾಡಿ ನೋಡಿ, "ದಾರ ಎಳೀತದೆ ಮಿಸ್, ತಳ್ಳಾಕಿಲ್ಲ" ಅಂದಳು. ನಾನು ಹೇಳಿಕೊಟ್ಟ ಮಾತಲ್ಲ ಅದು.

ಆರು ಬೆಲ್ಲ ಹಾಕಿದಾಗ ಇದರ ಚಕ್ರವೂ ಜಾರಿತು. ಒಬ್ಬ ಹುಡುಗ ಎರಡು ಬೆಲ್ಲ ತೆಗೆದು ಗಾಡಿಯ ಬೆನ್ನ ಮೇಲೆ, ಚಕ್ರದ ನೇರಕ್ಕೆ ಇಟ್ಟ. ಎಳೆಯಬೇಕಾದ ಭಾರ ಕಡಿಮೆಯಾಯಿತು, ಚಕ್ರಕ್ಕೆ ಹಿಡಿತವೂ ಬಂತು. ಗಾಡಿ ಹೊರಟಿತು.

ಕಬ್ಬಿನ ಗಾಡಿಯ ಎತ್ತು ತಳ್ಳುತ್ತದಾ, ಎಳೆಯುತ್ತದಾ? ಎಳೆಯುತ್ತದೆ ಅಂತ ಎಲ್ಲರೂ ಕೂಗಿದರು. ಐಸ್‌ಕ್ರೀಮ್ ಕಡ್ಡಿಯನ್ನು ನಮ್ಮ ವೈರ್ ಗಾಡಿಯ ಮುಂದೆ ಅಡ್ಡ ಇಟ್ಟು, ಎರಡೂ ತುದಿಯಿಂದ ದಾರ ತಂದು ಹಿಂದಿನ ಡಬ್ಬಿಗೆ ಕಟ್ಟಿದೆ. ಗಾಡಿ ಕಡ್ಡಿಯನ್ನು ತಳ್ಳಿತು, ದಾರ ಡಬ್ಬಿಯನ್ನು ಎಳೆಯಿತು. ಎತ್ತೂ ಹಾಗೇ ಅಲ್ವಾ? ಹೆಗಲಿನಿಂದ ನೊಗ ತಳ್ಳುತ್ತದೆ, ನೊಗಕ್ಕೆ ಕಟ್ಟಿದ ಉದ್ದನೆಯ ಮರ, ಅಂದರೆ ಮೂಕಿ, ಗಾಡಿಯನ್ನು ಎಳೆಯುತ್ತದೆ.

ಇದರಲ್ಲೂ ಕಿರಿಕಿರಿ ಇದೆ. ಎರಡು ಮೋಟಾರಿನ ವೇಗ ಒಂದೇ ಇರಲ್ಲ, ಗಾಡಿ ಸ್ವಲ್ಪ ವಾಲಿಕೊಂಡು ಹೋಗುತ್ತದೆ. ರಿಮೋಟ್ ವೈರ್ ಬಿಗಿಯಾದರೆ ಅದೇ ಗಾಡಿಯನ್ನು ಎಳೆದುಬಿಡುತ್ತದೆ, ಮೇಲೆತ್ತಿ ಹಿಡಿಯಬೇಕು. ಗಾಡಿ ಸಿಕ್ಕಿಕೊಂಡಾಗ ಸ್ವಿಚ್ ಒತ್ತಿಕೊಂಡೇ ಇದ್ದರೆ ಮೋಟಾರ್ ಬಿಸಿಯಾಗುತ್ತದೆ. ಮೂರು ಎಣಿಸುವಷ್ಟರಲ್ಲಿ ಬಿಡಬೇಕು ಅನ್ನೋದು ನಮ್ಮ ಕ್ಲಾಸಿನ ನಿಯಮ.

ನನ್ನ ಕ್ಲಾಸಿನಲ್ಲಿ 24 ಮಕ್ಕಳು, ನಾಲ್ಕು ಗುಂಪು. ಗುಂಪಿಗೊಂದರಂತೆ ನಾಲ್ಕು ವೈರ್ ಗಾಡಿಗೆ 2,600 ರೂಪಾಯಿ. ಒಂದೇ ರೋಬೋಟ್ ಇಟ್ಟುಕೊಂಡು ಸರದಿಗೆ ಕಾಯಿಸೋದು ನನಗೆ ಒಗ್ಗಲ್ಲ. ನಿಮ್ಮದು ಎಂಟು ಹತ್ತು ಮಕ್ಕಳ ಕ್ಲಾಸ್ ಆಗಿ, ದಿಕ್ಕು, ದಾರಿ ಕಲಿಸೋದು ಮುಖ್ಯವಾಗಿದ್ದರೆ ಬಟನ್ ರೋಬೋಟ್ ಧಾರಾಳವಾಗಿ ತಗೊಳ್ಳಿ. ನಮ್ಮದೂ ಈಗ ನಕ್ಷೆ ಪಾಠಕ್ಕೆ ಬರುತ್ತಿದೆ, ರಟ್ಟಿನ ಮೂತಿ ಮಾತ್ರ ಕಿತ್ತಿಲ್ಲ.