ಮೋಟರ್‌ಹೋಮ್‌ನ ಹಿಂಬದಿ ಏರ್ ಸಸ್ಪೆನ್ಷನ್‌ಗೆ ಎಷ್ಟು ಗಾಳಿ ಬೇಕು? ನಾಲ್ಕು ವರ್ಷದ ಬಳಕೆಯ ವಿಮರ್ಶೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿರುವ ನಮ್ಮ ಕುಟುಂಬದ ಬಳಿ ಫಿಯೆಟ್ ಡುಕಾಟೊ ವ್ಯಾನಿನ ಚಾಸಿಯ ಮೇಲೆ ಕಟ್ಟಿದ, 7.4 ಮೀಟರ್ ಉದ್ದದ ಮೋಟರ್‌ಹೋಮ್, ಅಂದರೆ ಅಡುಗೆ, ಮಲಗುವ ವ್ಯವಸ್ಥೆ ಎಲ್ಲ ಒಳಗೇ ಇರುವ ಪ್ರವಾಸದ ಗಾಡಿ ಇದೆ. 2021ರ ಮೇ ತಿಂಗಳಲ್ಲಿ ಅದರ ಹಿಂಬದಿಗೆ ಏರ್ ಸಸ್ಪೆನ್ಷನ್ ಕಿಟ್ ಹಾಕಿಸಿದೆ. ನಾಲ್ಕು ವರ್ಷಗಳಲ್ಲಿ ಸುಮಾರು 24 ಸಾವಿರ ಮೈಲಿ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಈ ಕಿಟ್ ಗಾಡಿಯ ಮೂಲ ಲೀಫ್ ಸ್ಪ್ರಿಂಗನ್ನು (ಉಕ್ಕಿನ ಪಟ್ಟಿಯ ಸ್ಪ್ರಿಂಗ್) ತೆಗೆಯುವುದಿಲ್ಲ. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ರಬ್ಬರಿನ ಬಂಪ್ ಸ್ಟಾಪ್ ಮೊದಲು ಇದ್ದ ಜಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಗಾಳಿಚೀಲ ಕೂರುತ್ತದೆ. ಭಾರದ ಒಂದು ಪಾಲನ್ನು ಅದು ಹೊರುತ್ತದೆ. ಎಷ್ಟು ಪಾಲು ಎನ್ನುವುದನ್ನು ನಾವು ತುಂಬುವ ಗಾಳಿಯೇ ನಿರ್ಧರಿಸುವುದರಿಂದ, ಒತ್ತಡ ತಪ್ಪಿದರೆ ದುಬಾರಿ ಕಿಟ್ ಕೂಡ ಗಾಡಿಯನ್ನು ಮೊದಲಿಗಿಂತ ಕೆಡಿಸಬಲ್ಲದು.

ನನಗೆ ಆದದ್ದೂ ಅದೇ. ಅಳವಡಿಸಿದವರು ಗಾಡಿಯ ತೂಕವನ್ನೇ ಕೇಳದೆ ಎರಡೂ ಕಡೆ 5 ಬಾರ್ (ಗಾಳಿಯ ಒತ್ತಡದ ಅಳತೆ) ತುಂಬಿ, ಇನ್ನು ಮುಟ್ಟಬೇಡಿ ಎಂದು ಕಳಿಸಿದರು. ಹಾಸನದಿಂದ ಬಂದಿದ್ದ ಅಪ್ಪ ಹಿಂದಿನ ಸೀಟಿನಲ್ಲಿ ಕೂತು, ಪ್ರತಿ ಹಳ್ಳಕ್ಕೂ ಸೊಂಟ ಹಿಡಿದುಕೊಳ್ಳುತ್ತಿದ್ದರು. ಅಡುಗೆಯ ಡ್ರಾಯರುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಅವರ ಮುಖ ನೋಡಿದ ಮೇಲೆಯೇ ನಾನು ಕೈಪಿಡಿಯನ್ನು ಸರಿಯಾಗಿ ಓದಿದ್ದು. ನನ್ನ ಕಿಟ್‌ಗೆ ಅದರಲ್ಲಿ ಕೊಟ್ಟಿರುವ ಮಿತಿ ಕನಿಷ್ಠ 0.5, ಗರಿಷ್ಠ 7 ಬಾರ್. ಕನಿಷ್ಠಕ್ಕಿಂತ ಕೆಳಗಿಳಿಸಿ ಓಡಿಸಿದರೆ ಚೀಲದ ರಬ್ಬರ್ ಮಡಿಕೆಯಲ್ಲಿ ಸಿಕ್ಕಿ ಹರಿಯುತ್ತದೆ.

ಈಗ ನಾನು ಅನುಸರಿಸುವ ಕ್ರಮ ಸರಳವಾಗಿದೆ. ಸಮತಟ್ಟಾದ ನೆಲದಲ್ಲಿ, ಗಾಡಿ ಖಾಲಿ ಇದ್ದಾಗ, ಹಿಂದಿನ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಬದಿ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಂಡಿದ್ದೇನೆ. ನೀರು, ಗ್ಯಾಸ್, ಸಾಮಾನು, ಜನ ಎಲ್ಲ ತುಂಬಿದ ಮೇಲೆ, ಆ ಎತ್ತರ ಮರಳಿ ಬರುವವರೆಗೆ ಒಂದೊಂದು ಕಡೆಗೂ ಗಾಳಿ ತುಂಬುತ್ತೇನೆ. ನೀರಿನ ಟ್ಯಾಂಕ್ ಬಲಕ್ಕಿರುವುದರಿಂದ ನಮ್ಮ ಗಾಡಿಗೆ ಎಡಕ್ಕೆ 2.8, ಬಲಕ್ಕೆ 3.2 ಬಾರ್ ಬೇಕಾಗುತ್ತದೆ. ಖಾಲಿ ಓಡಿಸುವಾಗ ಎರಡಕ್ಕೂ 1.5 ಸಾಕು. ಈ ಅಂಕಿಗಳನ್ನು ದಯವಿಟ್ಟು ಯಾರೂ ಹಾಗೆಯೇ ನಕಲು ಮಾಡಬೇಡಿ, ಏಕೆಂದರೆ ಅವು ನಮ್ಮ ಗಾಡಿಯ, ನಮ್ಮ ಸಾಮಾನಿನ ಅಂಕಿಗಳು. ಎರಡು ಚೀಲಗಳಿಗೂ ಬೇರೆಬೇರೆ ಕೊಳವೆ, ಒತ್ತಡ ತೋರಿಸುವ ಬೇರೆಬೇರೆ ಮೀಟರ್ ಇರುವ ಕಿಟ್ಟನ್ನೇ ಕೊಳ್ಳಿ. ಒಂದೇ ಕೊಳವೆಗೆ ಸೇರಿಸಿದರೆ ತಿರುವಿನಲ್ಲಿ ಒಂದರ ಗಾಳಿ ಇನ್ನೊಂದಕ್ಕೆ ಹರಿದು ಗಾಡಿ ಇನ್ನಷ್ಟು ವಾಲುತ್ತದೆ.

ಹಿಂಬದಿ ಎತ್ತರ ಸರಿಹೋಯಿತೆಂದರೆ ತೂಕವೂ ಸರಿಯಿದೆ ಎಂದಲ್ಲ. ಎರಡು ಇ-ಬೈಕುಗಳ (ಬ್ಯಾಟರಿ ಸೈಕಲ್‌ಗಳ) 50 ಕೆ.ಜಿ. ಹಿಂದಿನ ಆಕ್ಸೆಲ್‌ನಿಂದ (ಚಕ್ರಗಳ ಅಚ್ಚಿನಿಂದ) 2.6 ಮೀಟರ್ ಆಚೆ ನೇತಾಡಿದರೆ, ನಮ್ಮ 4.035 ಮೀಟರ್ ವೀಲ್‌ಬೇಸಿನ (ಮುಂದಿನ, ಹಿಂದಿನ ಆಕ್ಸೆಲ್‌ಗಳ ನಡುವಿನ ದೂರ) ಲೆಕ್ಕದಲ್ಲಿ ಹಿಂದಿನ ಆಕ್ಸೆಲ್ ಮೇಲೆ ಬೀಳುವುದು ಸುಮಾರು 82 ಕೆ.ಜಿ., ಮುಂದಿನಿಂದ ಕಳೆಯುವುದು 32. ಡುಕಾಟೊ ಮುಂದಿನ ಚಕ್ರಗಳಿಂದ ಎಳೆಯುವ ಗಾಡಿ; ಒದ್ದೆ ಹುಲ್ಲಿನ ಮೇಲೆ ಆ 32 ಕೆ.ಜಿ.ಯ ಕೊರತೆ ಏನೆಂದು ಗೊತ್ತಾಗುತ್ತದೆ. ವೇ ಬ್ರಿಜ್‌ನಲ್ಲಿ (ವಾಹನ ತೂಗುವ ಕಟ್ಟೆ) ತೂಗಿಸಿದಾಗ ನಮ್ಮ ಹಿಂದಿನ ಆಕ್ಸೆಲ್ 1,920 ಕೆ.ಜಿ. ಬಂತು, ಮಿತಿ 2,000. ಗಾಳಿ ತುಂಬಿದ ಮಾತ್ರಕ್ಕೆ ಗಾಡಿಯ ತೂಕದ ಫಲಕದಲ್ಲಿ ನಮೂದಿಸಿದ ಮಿತಿ ಏರುವುದಿಲ್ಲ.

ದೂರು ಒಂದೇ. ಮೂರನೆಯ ಚಳಿಗಾಲದಲ್ಲಿ ಎಡಗಡೆಯ ಮೀಟರ್ ವಾರಕ್ಕೆ ಒಂದು ಬಾರ್‌ನಂತೆ ಇಳಿಯತೊಡಗಿತು. 3 ಬಾರ್ ತುಂಬಿದ ಚೀಲ 20 ಡಿಗ್ರಿಯಿಂದ ಸೊನ್ನೆಗೆ ತಣಿದರೆ ಕಾಲು ಬಾರ್ ಇಳಿಯುವುದು ಸಹಜವಾದ್ದರಿಂದ ಮೊದಲು ಚಳಿಯನ್ನೇ ದೂರಿದೆ. ಆದರೆ ಬಲಗಡೆಯದು ಅಷ್ಟು ಇಳಿಯುತ್ತಿರಲಿಲ್ಲ. ಗಾಡಿಯ ಕೆಳಗೆ ಮಲಗಿ, ಸೋಪಿನ ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಹೋದಾಗ, ಕೊಳವೆ ಚೀಲಕ್ಕೆ ಸೇರುವಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಅಳವಡಿಸುವಾಗ ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿದ್ದರು. ಗಾಳಿಯನ್ನೆಲ್ಲ ಬಿಟ್ಟು, ಒಂದು ಸೆಂಟಿಮೀಟರ್ ನೇರವಾಗಿ ಕತ್ತರಿಸಿ ಮತ್ತೆ ಒತ್ತಿ ಕೂರಿಸಿದ ಮೇಲೆ ಇಂದಿನವರೆಗೆ ಸೋರಿಲ್ಲ.

ಸ್ಕಾಟ್ಲೆಂಡಿನ ಓಬನ್ ಬಂದರಿನಿಂದ ಮಲ್ ದ್ವೀಪಕ್ಕೆ ಹಡಗು ಹತ್ತುವಾಗ ರ‍್ಯಾಂಪಿಗೆ ಹಿಂಭಾಗ ತಾಗದಂತೆ ಒಂದೂವರೆ ಬಾರ್ ಹೆಚ್ಚಿಸಿ, ಇಳಿದ ಮೇಲೆ ಮರಳಿ ತಗ್ಗಿಸುತ್ತೇನೆ. ಕಿಟ್ ಹಾಕಿಸಿದ ದಿನವೇ ಹೆಡ್‌ಲೈಟಿನ ಕೋನವನ್ನೂ ಸರಿಮಾಡಿಸಿಕೊಳ್ಳಿ. ಹಿಂಬದಿಯ ಎತ್ತರ ನೋಡಿ ಬ್ರೇಕಿನ ಬಲ ಹಂಚುವ ವಾಲ್ವ್ ಇರುವ ಹಳೆಯ ಗಾಡಿಯಾದರೆ, ಅದನ್ನೂ ಹೊಸ ಎತ್ತರಕ್ಕೆ ಹೊಂದಿಸದೆ ಗ್ಯಾರೇಜಿನಿಂದ ಹೊರಡಬೇಡಿ.