ಮಹಡಿ ಮೇಲಿನ ಕೋಣೆಗೆ ವೈಫೈ: ರಿಪೀಟರ್, ಪವರ್‌ಲೈನ್, ಮೆಶ್, ಇಲ್ಲಾ ಹಳೇ ರೂಟರಿಗೊಂದು ಕೇಬಲ್?

ಕೆಳಗೆ ಹಾಲ್‌ನಲ್ಲಿ 100 ಎಂಬಿಪಿಎಸ್ ಪ್ಲಾನು ಪೂರ್ತಿ ಬರುತ್ತದೆ, ಮಹಡಿ ಮೇಲಿನ ಕೋಣೆಯಲ್ಲಿ ವಿಡಿಯೊ ಕಾಲ್ ನಿಂತು ನಿಂತು ಹೋಗುತ್ತದೆ. ಇದಕ್ಕೆ ಅಂಗಡಿಯವರು ಕೊಡುವುದು ರಿಪೀಟರ್ (ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ಹಂಚುವ ಪೆಟ್ಟಿಗೆ), ಯೂಟ್ಯೂಬಿನವರು ಹೇಳುವುದು ಮೆಶ್ (ಎರಡು ಮೂರು ಪೆಟ್ಟಿಗೆ ಸೇರಿ ಒಂದೇ ವೈಫೈ ಆಗುವ ಜೋಡಿ). ಎರಡನ್ನೂ, ಜೊತೆಗೆ ಪವರ್‌ಲೈನ್ ಅಡಾಪ್ಟರನ್ನೂ ಬಳಸಿ ನೋಡಿದ ಮೇಲೆ ನನ್ನ ಓಟು ಬೀರುವಿನಲ್ಲಿ ಧೂಳು ತಿನ್ನುತ್ತಿರುವ ಹಳೇ ರೂಟರಿಗೆ. ಕೆಳಗಿನಿಂದ ಅದಕ್ಕೆ ಒಂದು ಲ್ಯಾನ್ ಕೇಬಲ್ ಎಳೆದರೆ ಉಳಿದ ಮೂರೂ ಅದರ ಮುಂದೆ ನಿಲ್ಲುವುದಿಲ್ಲ. ಗೋಡೆಗೆ ಮೊಳೆ ಹೊಡೆಯುವ ಸ್ವಾತಂತ್ರ್ಯ ಇರಬೇಕು, ಅಷ್ಟೇ.

ಏನನ್ನೇ ಕೊಳ್ಳುವ ಮೊದಲು ತೊಂದರೆ ಲೈನಿನದೋ ವೈಫೈನದೋ ನೋಡಿಕೊಳ್ಳಿ. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ನೇರ ರೂಟರಿಗೆ ಸಿಕ್ಕಿಸಿ ಸ್ಪೀಡ್ ಅಳೆಯಿರಿ. ಅಲ್ಲೇ ಕಮ್ಮಿ ಬಂದರೆ ಫೈಬರ್ ಕಂಪನಿಯವರಿಗೆ ಫೋನ್ ಮಾಡಿ, ಈ ಲೇಖನ ನಿಮಗಲ್ಲ. ಅಲ್ಲಿ ಸರಿಯಿದ್ದರೆ ಮೇಲಿನ ಕೋಣೆಗೆ ಹೋಗಿ ವೈಫೈನಲ್ಲೇ ರೂಟರಿನ ವಿಳಾಸಕ್ಕೆ, ಅಂದರೆ 192.168.1.1 ಅಥವಾ ನಿಮ್ಮದು ಯಾವುದೋ ಅದಕ್ಕೆ, ಒಂದೈದು ನಿಮಿಷ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಎಂದು ಅಳೆಯುವ ಕಮಾಂಡು) ಓಡಿಸಿ. ಎರಡು ಮೂರು ಮಿಲಿಸೆಕೆಂಡ್ ಇರಬೇಕಾದದ್ದು 80, 200 ಎಂದು ಜಿಗಿಯುತ್ತಿದ್ದರೆ, ನಡುವೆ ಟೈಮ್‌ಔಟ್ ಬರುತ್ತಿದ್ದರೆ, ಇಂಟರ್ನೆಟ್ಟಿನದಲ್ಲ, ಮನೆಯೊಳಗಿನ ಗಾಳಿಯದೇ ತೊಂದರೆ. ಹೆಚ್ಚಿನ ದುಡ್ಡಿನ ಪ್ಲಾನಿಗೆ ಬದಲಾಯಿಸಿ ಏನೂ ಉಪಯೋಗವಿಲ್ಲ. ಇನ್ನೊಂದು ಮಾತು, ಡೌನ್‌ಲೋಡಿನಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಕಂಡರೆ 100 ಎಂಬಿಪಿಎಸ್ ಪ್ಲಾನಿಗೆ ಅದೇ ಪೂರ್ತಿ ಲೆಕ್ಕ: ಪ್ಲಾನಿನದ್ದು ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್.

ರೂಟರನ್ನು ಟಿವಿ ಸ್ಟ್ಯಾಂಡಿನ ಹಿಂದಿನಿಂದ ಮೆಟ್ಟಿಲ ಬಳಿಗೆ ಸರಿಸುವುದು ಬಿಟ್ಟಿ ಉಪಾಯ, ಮೊದಲು ಅದನ್ನು ಮಾಡಿ. ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ತಾರಸಿಯನ್ನು 5 ಗಿಗಾಹರ್ಟ್ಸ್ ಸಿಗ್ನಲ್ ದಾಟಲು ಒದ್ದಾಡುತ್ತದೆ, ಮೆಟ್ಟಿಲ ಬಾಯಿಯಿಂದ ಸುಲಭವಾಗಿ ಹತ್ತುತ್ತದೆ.

ಇನ್ನು ರಿಪೀಟರ್. ಸಾವಿರದಿಂದ ಎರಡು ಸಾವಿರದೊಳಗೆ ಸಿಗುತ್ತದೆ, ಪ್ಲಗ್ಗಿಗೆ ಚುಚ್ಚಿದರೆ ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ. ಮೋಸವಿರುವುದೇ ಆ ಕಡ್ಡಿಯಲ್ಲಿ. ಅದು ತೋರಿಸುವುದು ಫೋನಿಗೂ ರಿಪೀಟರಿಗೂ ನಡುವಿನ ಸಿಗ್ನಲನ್ನು. ರಿಪೀಟರಿಗೂ ರೂಟರಿಗೂ ನಡುವೆ ಏನು ನಡೆದಿದೆ ಎಂದು ಫೋನಿಗೆ ಗೊತ್ತೇ ಆಗುವುದಿಲ್ಲ. ಅಗ್ಗದವುಗಳಲ್ಲಿ ಒಂದೇ ರೇಡಿಯೊ ಎರಡೂ ಕಡೆ ಮಾತಾಡಬೇಕು. ರೂಟರಿನಿಂದ ಕೇಳಿಸಿಕೊಳ್ಳುವಾಗ ಫೋನಿಗೆ ಹೇಳಲಾಗದು, ಹೇಳುವಾಗ ಕೇಳಲಾಗದು. ಹಾಗಾಗಿ ಎಲ್ಲ ಸರಿಯಿದ್ದರೂ ಸ್ಪೀಡ್ ಅರ್ಧ. 100ರ ಪ್ಲಾನಿನಲ್ಲಿ ಮೇಲೆ 20-30 ಸಿಕ್ಕರೆ ಪುಣ್ಯ, ಅದೂ ಪಕ್ಕದ ಮನೆಗಳ ವೈಫೈ ಸುಮ್ಮನಿದ್ದರೆ. ಎಲ್ಲರೂ ಮಾಡುವ ತಪ್ಪು ಅದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಇಡುವುದು. ಅಲ್ಲಿ ಅದಕ್ಕೂ ಸಿಗ್ನಲ್ ಇಲ್ಲ, ಇಲ್ಲದ್ದನ್ನು ಅದು ಎಲ್ಲಿಂದ ಹಂಚೀತು? ಫೋನಿನಲ್ಲಿ ಅಳೆದಾಗ ರೂಟರಿನ ಸಿಗ್ನಲ್ ಮೈನಸ್ 60 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಆಸುಪಾಸು ಇರುವ ಪ್ಲಗ್ಗನ್ನೇ ಹುಡುಕಬೇಕು. ಸಾಮಾನ್ಯವಾಗಿ ಅಂಥ ಕಡೆ ಪ್ಲಗ್ಗೇ ಇರುವುದಿಲ್ಲ. ಆಗಲೇ ಕೊಂಡುಬಿಟ್ಟಿದ್ದರೆ ಅದರ ಅಡಿಯಲ್ಲಿ ಲ್ಯಾನ್ ಪೋರ್ಟ್ ಇದೆಯೇ ನೋಡಿ. ಇದ್ದರೆ ಬಹುಪಾಲು ಮಾಡೆಲ್‌ಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಕೇಬಲಿನಲ್ಲಿ ಬಂದದ್ದನ್ನು ವೈಫೈನಲ್ಲಿ ಹಂಚುವುದಷ್ಟೇ ಕೆಲಸ) ಇರುತ್ತದೆ, ಕೇಬಲ್ ಎಳೆದು ಹಾಗೆ ಬಳಸಿಕೊಳ್ಳಬಹುದು.

ಪವರ್‌ಲೈನ್ ಅಡಾಪ್ಟರು ಕರೆಂಟಿನ ವೈರಿನಲ್ಲೇ ಡೇಟಾ ಕಳಿಸುತ್ತದೆ. ಕೇಳಲು ಚೆಂದ. ನಮ್ಮ ಕಡೆಯ ತ್ರೀ ಫೇಸ್ ಮನೆಗಳಲ್ಲಿ ಕೆಳಗಿನದು ಒಂದು ಫೇಸು, ಮಹಡಿಯದು ಇನ್ನೊಂದಾಗಿದ್ದರೆ ಲಿಂಕ್ ಕೂಡುವುದಿಲ್ಲ, ಕೂಡಿದರೂ ಕುಂಟುತ್ತದೆ. ಒಂದು ಅಡಾಪ್ಟರು ಯುಪಿಎಸ್ ಲೈನಿನ ಪ್ಲಗ್ಗಿನಲ್ಲಿ, ಇನ್ನೊಂದು ನೇರ ಲೈನಿನಲ್ಲಿ ಇದ್ದರೂ ಅದೇ ಪಾಡು. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಅದರೊಳಗಿನ ಫಿಲ್ಟರೇ ಸಿಗ್ನಲನ್ನು ನುಂಗುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದಾಗ ಮೇಲೆ ಮೀಟಿಂಗ್ ತಡವರಿಸಿದರೆ ಬೇರೆ ಸಾಕ್ಷಿ ಬೇಡ. ಬಿಡಿ ಅದನ್ನ.

ಮೆಶ್ ಒಳ್ಳೆಯದೇ, ಬಾಯಿಮುಚ್ಚಿ ಒಪ್ಪುತ್ತೇನೆ. ಎರಡರ ಜೋಡಿ ಐದು ಸಾವಿರದಿಂದ ಮೇಲಕ್ಕೆ. ಆದರೆ ಆ ಬೆಲೆಗೆ ಸಿಗುವ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್) ಜೋಡಿಗಳಲ್ಲಿ ಪೆಟ್ಟಿಗೆ ಪೆಟ್ಟಿಗೆಯ ನಡುವಿನ ಮಾತಿಗೂ ನಿಮ್ಮ ಫೋನಿನ ಮಾತಿಗೂ ಒಂದೇ 5 ಗಿಗಾಹರ್ಟ್ಸ್ ದಾರಿ. ನಡುವೆ ತಾರಸಿ ಬಂದರೆ ರಿಪೀಟರಿನ ಕಥೆಯೇ, ಸ್ವಲ್ಪ ನಾಜೂಕಾಗಿ. ಈ ಮಾತಿಗಾಗಿಯೇ ಮೂರನೇ ರೇಡಿಯೊ ಇರುವ ಟ್ರೈ ಬ್ಯಾಂಡ್ ಜೋಡಿಗಳ ಬೆಲೆ ಬೇರೆಯೇ ಲೋಕದ್ದು. ಮೆಶ್ಶನ್ನು ಕಂಪನಿ ಕೊಟ್ಟ ರೂಟರಿನ ಹಿಂದೆ ಹಾಗೇ ಸಿಕ್ಕಿಸಿದರೆ ಎರಡು ನ್ಯಾಟ್ (ಮನೆಯೊಳಗಿನ ವಿಳಾಸಗಳನ್ನು ಹೊರಗಿನ ಒಂದು ವಿಳಾಸಕ್ಕೆ ಬದಲಿಸುವ ಕೆಲಸ) ಒಂದರೊಳಗೊಂದು ಕೂತು ಸಿಸಿಟಿವಿ ಡಿವಿಆರ್‌ಗೆ ಮಾಡಿದ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಅದನ್ನು ನೋಡಲು ತೆರೆದ ದಾರಿ) ಕೆಲಸ ನಿಲ್ಲಿಸಬಹುದು. ಅದನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಕಂಪನಿ ರೂಟರಿನ ವೈಫೈ ಆಫ್ ಮಾಡಬೇಕು. ಮೆಶ್ಶಿನ ನಿಜವಾದ ಗೆಲುವು ಕೋಣೆಯಿಂದ ಕೋಣೆಗೆ ನಡೆಯುವಾಗ ಕಾಲ್ ಕಡಿಯದಿರುವುದು. ನಾನು ಕೂತಲ್ಲೇ ಕೂತು ಕೆಲಸ ಮಾಡುವವನು. ನಡೆದಾಡಿಕೊಂಡು ಮೀಟಿಂಗ್ ಮಾಡುವವರ ಲೆಕ್ಕ ಬೇರೆ.

ಈಗ ಕೇಬಲ್. ಬೇಕಾದದ್ದು 20-25 ಮೀಟರ್ ಕ್ಯಾಟ್ 6 ಲ್ಯಾನ್ ಕೇಬಲ್, ನಾಲ್ಕಾರು ಆರ್‌ಜೆ45 ಕನೆಕ್ಟರ್ (ಕೇಬಲ್ ತುದಿಯ ಪ್ಲಗ್ಗು), ಅದನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ಎಂಟು ದೀಪದ ಟೆಸ್ಟರ್. ಕೇಬಲ್ ಕೊಳ್ಳುವಾಗ ಸಿಸಿಎ ಎಂದಿದ್ದರೆ ಬೇಡ. ಅದು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ, ನಾಲ್ಕು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಹೊಳೆಯುತ್ತದೆ, ಅಸಲಿಯಾದರೆ ಒಳಗೂ ಕೆಂಪೇ. ಕರೆಂಟಿನ ಪೈಪಿನೊಳಗೆ ಇದನ್ನು ಎಳೆಯಬೇಡಿ. ಅದು ಅಪಾಯ, ಮೇಲಿಂದ ಸಿಗ್ನಲಿಗೂ ಕೆಡುಕು. ಹೆಚ್ಚಿನ ಮನೆಗಳಲ್ಲಿ ಹಳೇ ಟಿವಿ ಕೇಬಲ್ಲಿನ ಅಥವಾ ಲ್ಯಾಂಡ್‌ಲೈನಿನ ಪೈಪು ಗೋಡೆಯೊಳಗೆ ಸುಮ್ಮನೆ ಬಿದ್ದಿರುತ್ತದೆ. ಆ ಹಳೇ ವೈರಿನ ತುದಿಗೆ ಹೊಸದನ್ನು ಟೇಪಿನಿಂದ ಬಿಗಿಯಾಗಿ ಸುತ್ತಿ ಇನ್ನೊಂದು ಕಡೆಯಿಂದ ನಿಧಾನ ಎಳೆದರೆ ಹಳೆಯದು ಹೊರಗೆ, ಹೊಸದು ಒಳಗೆ. ಕನೆಕ್ಟರು ಹಾಕುವುದು ಎಳೆದ ಮೇಲೆ. ಮೊದಲೇ ಹಾಕಿದರೆ ಪೈಪಿನ ಬೆಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಬಣ್ಣದ ಕ್ರಮ ಎರಡೂ ತುದಿಗೆ ಒಂದೇ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿ ಬೇರ್ಪಟ್ಟು ನಡುವೆ ನೀಲಿ ಬಂದಿರುವುದು ಕಂಡು ಕೆಲವರು ಇದೇನು ಅಡ್ಡಾದಿಡ್ಡಿ ಎಂದು ಜೋಡಿ ಜೋಡಿಯಾಗಿ ಸಾಲಾಗಿ ಕೂರಿಸುತ್ತಾರೆ. ಎರಡೂ ಕಡೆ ಹಾಗೇ ಮಾಡಿದರೆ ಟೆಸ್ಟರಿನ ಎಂಟು ದೀಪವೂ ಕ್ರಮವಾಗಿಯೇ ಹತ್ತುತ್ತವೆ, ಆದರೆ ಉದ್ದದ ಕೇಬಲಿನಲ್ಲಿ ಲಿಂಕ್ ನಿಲ್ಲುವುದಿಲ್ಲ. 3 ಮತ್ತು 6ನೇ ಪಿನ್ನು ಒಂದು ಜೋಡಿಯಾಗಿ ಕೆಲಸ ಮಾಡುತ್ತವೆ. ಆ ಎರಡಕ್ಕೂ ಒಂದಕ್ಕೊಂದು ಹೆಣೆದ ಎಳೆಗಳೇ ಹೋಗಬೇಕು. ಹೊರಗಿನ ಸಿಪ್ಪೆ ಒಂದು ಇಂಚು ಬಿಡಿಸಿ, ಎಳೆಗಳನ್ನು ನೇರ ಮಾಡಿ ಅರ್ಧ ಇಂಚಿಗೆ ಸಮವಾಗಿ ಕತ್ತರಿಸಿ. ಸಿಪ್ಪೆಯ ತುದಿ ಕನೆಕ್ಟರಿನೊಳಗೆ ಹೋಗಿ ಅದರ ಹಲ್ಲಿಗೆ ಕಚ್ಚಿಕೊಳ್ಳಬೇಕು, ಹೊರಗೆ ಬಣ್ಣ ಕಾಣಬಾರದು.

ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಗಿಗಾಬಿಟ್ ಪೋರ್ಟುಗಳ ನಡುವೆ ಲಿಂಕ್ ಸ್ಪೀಡ್ ನೋಡಿ. 1000ರ ಬದಲು 100 ತೋರಿಸಿದರೆ ನೀಲಿ ಅಥವಾ ಕಂದಿನ ಯಾವುದೋ ಎಳೆ ಕೂತಿಲ್ಲ. 100ಕ್ಕೆ ಎರಡೇ ಜೋಡಿ ಸಾಕು, ಹಾಗಾಗಿ ಇಂಟರ್ನೆಟ್ ನಡೆಯುತ್ತಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಹಳೇ ರೂಟರಿನ ಪೋರ್ಟೇ 100ರದ್ದಾಗಿದ್ದರೆ ಮೇಲೆ ಸಿಗುವುದು ಹೆಚ್ಚೆಂದರೆ 94-95. 100ರ ಪ್ಲಾನಿಗೆ ಧಾರಾಳ, 300ರ ಪ್ಲಾನಿನವರು ಗಿಗಾಬಿಟ್ ಪೋರ್ಟಿನದ್ದೇ ಹುಡುಕಬೇಕು.

ಹಳೇ ರೂಟರನ್ನು ಸಿದ್ಧ ಮಾಡುವಾಗ ಮುಖ್ಯ ರೂಟರಿಗೆ ಜೋಡಿಸಬೇಡಿ. ರೀಸೆಟ್ ಮಾಡಿ, ಲ್ಯಾಪ್‌ಟಾಪಿನಿಂದ ಅದರ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ ಅದರ ಪುಟ ತೆರೆಯಿರಿ. ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆಯ್ದುಕೊಂಡರೆ ಮುಗಿಯಿತು. ತೀರಾ ಹಳೆಯದರಲ್ಲಿ ಇರುವುದಿಲ್ಲ. ಆಗ ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ (ಮುಖ್ಯ ರೂಟರು 192.168.1.1 ಆಗಿದ್ದರೆ), ಆಮೇಲೆ ಡಿಎಚ್‌ಸಿಪಿ ಸರ್ವರ್ (ಫೋನು, ಲ್ಯಾಪ್‌ಟಾಪಿಗೆಲ್ಲ ವಿಳಾಸ ಹಂಚುವ ಭಾಗ) ಆಫ್ ಮಾಡಿ, ಸೇವ್ ಮಾಡಿ. ಮುಖ್ಯ ರೂಟರಿನ ಡಿಎಚ್‌ಸಿಪಿ ಹಂಚಿಕೆ 192.168.1.100ರಿಂದ ಶುರುವಾಗುವಂತೆ ಇಟ್ಟರೆ 2ನೇ ಸಂಖ್ಯೆ ಬೇರೆ ಯಾರಿಗೂ ಹೋಗುವುದಿಲ್ಲ. ಕೊನೆಗೆ ಮುಖ್ಯದ ಲ್ಯಾನ್‌ನಿಂದ ಹಳೆಯದರ ಲ್ಯಾನಿಗೆ ಕೇಬಲ್. ಹಳೆಯದರ ವ್ಯಾನ್ ಪೋರ್ಟು (ಇಂಟರ್ನೆಟ್ ಲೈನ್ ಸಿಕ್ಕಿಸುವ ಪೋರ್ಟು) ಖಾಲಿ.

ಈ ಡಿಎಚ್‌ಸಿಪಿಯೇ ತಲೆ ತಿನ್ನುವ ಜಾಗ. ಅದನ್ನು ಆಫ್ ಮಾಡಲು ಮರೆತರೆ ಎಲ್ಲವೂ ಕೆಟ್ಟುಹೋಗುವುದಿಲ್ಲ, ಹಾಗಾಗಿದ್ದರೆ ಒಳ್ಳೆಯದಿತ್ತು. ಮೊದಲ ದಿನ ಎಲ್ಲ ಸರಿ. ಯಾವತ್ತೋ ಕರೆಂಟ್ ಹೋಗಿ ಬಂದಮೇಲೆ ಅಮ್ಮನ ಫೋನಿನಲ್ಲಿ ‘ಕನೆಕ್ಟೆಡ್, ನೋ ಇಂಟರ್ನೆಟ್’, ಅಪ್ಪನ ಫೋನಿನಲ್ಲಿ ಯೂಟ್ಯೂಬ್ ಹಾಯಾಗಿ ಓಡುತ್ತಿರುತ್ತದೆ. ಟಿವಿ ನಡೆಯುತ್ತದೆ, ಪ್ರಿಂಟರ್ ನಡೆಯುವುದಿಲ್ಲ. ಫೋನ್ ಆರಿಸಿ ಹಚ್ಚಿದರೆ ಒಮ್ಮೆ ಸರಿ, ಇನ್ನೊಮ್ಮೆ ಇಲ್ಲ. ಫೈಬರ್ ಕಂಪನಿಗೆ ಫೋನ್ ಮಾಡಿದರೆ ಲೈನ್ ಸರಿಯಿದೆ ಎನ್ನುತ್ತಾರೆ, ಅವರು ಹೇಳುವುದು ನಿಜವೂ ಹೌದು.

ಒಳಗೆ ಆಗುವುದು ಇಷ್ಟು. ಫೋನು ವೈಫೈಗೆ ಸೇರಿದಾಗ ‘ನನಗೊಂದು ವಿಳಾಸ ಕೊಡಿ’ ಎಂದು ಇಡೀ ನೆಟ್‌ವರ್ಕಿಗೆ ಕೂಗುತ್ತದೆ. ಮೊದಲು ಉತ್ತರ ಕೊಟ್ಟವರ ಮಾತನ್ನೇ ನಂಬುವುದು ಅದರ ಸ್ವಭಾವ. ಕೆಳಗಿನ ರೂಟರು ಕೊಟ್ಟರೆ ಹೊರಗಿನ ದಾರಿ 192.168.1.1 ಎಂದು ಸರಿಯಾಗಿ ಹೇಳುತ್ತದೆ. ಮೇಲಿನದು ಮೊದಲು ಉತ್ತರಿಸಿದರೆ ‘ದಾರಿ ನಾನೇ’ ಎನ್ನುತ್ತದೆ, ಅದರ ವ್ಯಾನ್ ಪೋರ್ಟು ಮಾತ್ರ ಖಾಲಿ. ಕರೆಂಟ್ ಬಂದಾಗ ಈ ಚಿಕ್ಕ ಹಳೇ ಪೆಟ್ಟಿಗೆ ಬೇಗ ಎದ್ದು ಕೂರುತ್ತದೆ, ಫೈಬರಿನದ್ದು ಏಳಲು ಹೊತ್ತು ತೆಗೆದುಕೊಳ್ಳುತ್ತದೆ. ಆ ಸಂದಿನಲ್ಲಿ ಸೇರಿದವರಿಗೆಲ್ಲ ಸುಳ್ಳು ವಿಳಾಸ. ಒಮ್ಮೆ ಸಿಕ್ಕ ವಿಳಾಸವನ್ನು ಫೋನು ಗಂಟೆಗಟ್ಟಲೆ ಹಿಡಿದುಕೊಂಡಿರುವುದರಿಂದ ರೋಗ ಬಂದುಹೋಗಿ ಮಾಡುತ್ತದೆ.

ಪತ್ತೆ ಸುಲಭ. ಇಂಟರ್ನೆಟ್ ಇಲ್ಲದ ಫೋನಿನಲ್ಲಿ ವೈಫೈ ಹೆಸರನ್ನು ಒತ್ತಿ ಗೇಟ್‌ವೇ, ಅಂದರೆ ಹೊರಗಿನ ದಾರಿಯ ವಿಳಾಸ, ಎಂಬ ಸಾಲು ನೋಡಿ. 192.168.1.1 ಇದ್ದರೆ ತೊಂದರೆ ಬೇರೆಡೆ. 192.168.1.2 ಅಥವಾ 192.168.0.1 ಎಂಬಂಥ ಬೇರೆ ಸಂಖ್ಯೆ ಕಂಡರೆ ಮೇಲಿನ ಪೆಟ್ಟಿಗೆ ಅಧಿಕಪ್ರಸಂಗ ಮಾಡುತ್ತಿದೆ. ಡಿಎಚ್‌ಸಿಪಿ ಆಫ್ ಮಾಡಿದ್ದು ನೆನಪಿದ್ದರೂ ನೋಡಿ. ಯಾರಾದರೂ ಹಿಂದಿನ ರೀಸೆಟ್ ಗುಂಡಿ ಒತ್ತಿದರೆ ಡಿಎಚ್‌ಸಿಪಿ ಮತ್ತೆ ಜೀವ ತಳೆಯುತ್ತದೆ. ಆಫ್ ಮಾಡಿದ ಮೇಲೆ ಹಳೇ ರೂಟರಿನ ಪುಟಕ್ಕೆ ಹೋಗಲಾಗುತ್ತಿಲ್ಲ ಎಂದರೆ ಲ್ಯಾಪ್‌ಟಾಪಿಗೆ ಕೈಯಾರೆ 192.168.1.10, ಮಾಸ್ಕ್ 255.255.255.0 ಕೊಟ್ಟು 192.168.1.2 ತೆರೆಯಿರಿ.

ವೈಫೈ ಹೆಸರು, ಪಾಸ್‌ವರ್ಡು, ಸೆಕ್ಯುರಿಟಿ ಎರಡರಲ್ಲೂ ಒಂದೇ ಇಡಿ. ಚಾನೆಲ್ ಬೇರೆ: 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ 1, ಮೇಲೆ 6 ಅಥವಾ 11, ಅಗಲ 20 ಮೆಗಾಹರ್ಟ್ಸ್. 5ರಲ್ಲಿ ಕೆಳಗೆ 36, ಮೇಲೆ 149. ಮಹಡಿ ಹತ್ತಿದರೂ ಫೋನು ಕೆಳಗಿನದಕ್ಕೇ ಜೋತುಬಿದ್ದಿದ್ದರೆ ಕೆಳಗಿನದರ ಟ್ರಾನ್ಸ್‌ಮಿಟ್ ಪವರನ್ನು ಹೈನಿಂದ ಮೀಡಿಯಂಗೆ ಇಳಿಸಿ. ಐಫೋನು ಮೈನಸ್ 70 ಡಿಬಿಎಂವರೆಗೂ ಬೇರೆ ಕಡೆ ತಿರುಗಿಯೂ ನೋಡುವುದಿಲ್ಲ.

ಸ್ವಂತ ಮನೆ, 100ರ ಪ್ಲಾನು, ದಿನವಿಡೀ ಒಂದೇ ಮೇಜು, ಕಮ್ಮಿ ಖರ್ಚು: ನನಗೆ ಕೇಬಲ್ಲೇ. ಬಾಡಿಗೆ ಮನೆಯವರು, ಗೋಡೆ ಮುಟ್ಟಿದರೆ ಓನರ್ ಮುಖ ಸಿಂಡರಿಸುವ ಕಡೆ ಇರುವವರು ಮೆಶ್ ತೆಗೆದುಕೊಳ್ಳಿ, ಲ್ಯಾನ್ ಪೋರ್ಟ್ ಇರುವುದನ್ನೇ. ಮುಂದೆ ಮನೆ ಕಟ್ಟಿದಾಗ ಅದೇ ಜೋಡಿಗೆ ಕೇಬಲ್ ಕೊಟ್ಟರೆ ಈ ಹೋಲಿಕೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಕೇಬಲ್ಲು ತಾರಸಿಯ ಹೊರಗಿಂದ ಹೋಗುವುದಾದರೆ ಏಪ್ರಿಲ್-ಮೇ ಗುಡುಗಿನ ದಿನ ಎರಡೂ ತುದಿ ಕಿತ್ತಿಡಿ. ಸಿಡಿಲು ಹತ್ತಿರದಲ್ಲಿ ಬಿದ್ದರೂ ಲ್ಯಾನ್ ಪೋರ್ಟುಗಳು ಸುಡುತ್ತವೆ. ಕರೆಂಟ್ ಹೋಗುವ ಊರಾದರೆ ಮೇಲಿನದಕ್ಕೂ ಮಿನಿ ಯುಪಿಎಸ್ ಬೇಕು. ಕೊಳ್ಳುವ ಮುಂಚೆ ಹಳೇ ಅಡಾಪ್ಟರಿನ ಮೇಲಿನ ಅಕ್ಷರ ಓದಿ: ಮಾಮೂಲಿ ಮಿನಿ ಯುಪಿಎಸ್‌ಗಳು 12 ವೋಲ್ಟಿನವು, ಹಳೇ ಚಿಕ್ಕ ರೂಟರುಗಳಲ್ಲಿ 9 ವೋಲ್ಟ್ ಬೇಡುವವು ಬಹಳ.