ನಾಲ್ಕು ವರ್ಷ ಬಳಸಿದ ಮೇಲೆ: ನಮ್ಮ ಅಪಾರ್ಟ್‌ಮೆಂಟಿನ ಡೋರ್ ಆಕ್ಸೆಸ್ ಸಾಫ್ಟ್‌ವೇರ್

ಐದಕ್ಕೆ ಎರಡೂವರೆ ಸ್ಟಾರ್. ಮೊದಲ ವರ್ಷ ಕೇಳಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಕಂಪನಿಯ ಹೆಸರು ಬೇಕಂತಲೇ ಬರೆದಿಲ್ಲ. ಯಾಕೆ ಅನ್ನೋದು ಕೊನೆಗೆ ಗೊತ್ತಾಗುತ್ತದೆ.

ನಮ್ಮದು ಬೆಂಗಳೂರಿನಲ್ಲಿ 84 ಮನೆಗಳ ಅಪಾರ್ಟ್‌ಮೆಂಟ್. ಕಮಿಟಿಯಲ್ಲಿ ನಾನೊಬ್ಬ 'ಕಂಪ್ಯೂಟರ್ ಗೊತ್ತಿರೋನು' ಅಂತ ಈ ಕೆಲಸವನ್ನು ನನ್ನ ತಲೆಗೇ ಕಟ್ಟಿದರು. 2021ರಲ್ಲಿ ಹಾಕಿಸಿದ್ದು. ಎರಡು ಲಾಬಿ, ಬೇಸ್‌ಮೆಂಟ್, ಕ್ಲಬ್‌ಹೌಸ್, ಹಿಂದಿನ ಸಣ್ಣ ಗೇಟ್, ಒಟ್ಟು ಐದು ಬಾಗಿಲು. ಪ್ರತಿಯೊಂದಕ್ಕೂ ಒಂದು ಕಾರ್ಡ್ ರೀಡರ್, ಮೇಲೆ ಮ್ಯಾಗ್ನೆಟಿಕ್ ಲಾಕ್. ಇವನ್ನೆಲ್ಲ ಆಡಿಸುವ ಸಾಫ್ಟ್‌ವೇರ್ ಆಫೀಸ್ ರೂಮಿನ ಕಂಪ್ಯೂಟರಿನಲ್ಲಿದೆ. ಬ್ರೌಸರಿನಲ್ಲಿ ತೆರೆದು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬೇಕು.

ಒಳ್ಳೆಯದನ್ನೂ ಹೇಳಲೇಬೇಕು. ಲಾಕ್‌ಗಳು ಗಟ್ಟಿ. ಇಷ್ಟು ವರ್ಷದಲ್ಲಿ ಕೆಟ್ಟಿದ್ದು ಒಂದೇ, ಅದೂ ಮಳೆ ನೀರು ನುಗ್ಗಿದಾಗ ಬೇಸ್‌ಮೆಂಟಿನದು. ಬಾಡಿಗೆಯವರು ಮನೆ ಖಾಲಿ ಮಾಡಿದ ದಿನವೇ ಅವರ ಕಾರ್ಡ್ ರದ್ದು ಮಾಡಬಹುದು, ಅರ್ಧ ನಿಮಿಷದ ಕೆಲಸ. ಫೈರ್ ಅಲಾರಂ ಹೊಡೆದರೆ ಎಲ್ಲ ಲಾಕ್‌ಗಳೂ ತಾವಾಗಿಯೇ ಬಿಡುತ್ತವೆ. ಎರಡು ಸಲ ಸುಮ್ನೆ ಪರೀಕ್ಷೆ ಮಾಡಿ ನೋಡಿದ್ದೇವೆ, ಎರಡು ಸಲವೂ ಬಿಟ್ಟವು.

ಮೊದಲ ತಕರಾರು ಬಂದಿದ್ದು ಕಾರ್ಡಿನದು. ಶುರುವಿನಲ್ಲಿ ಕೊಟ್ಟಿದ್ದು 125 ಕಿಲೋಹರ್ಟ್ಸ್‌ನ ಅಗ್ಗದ ಕಾರ್ಡ್. ಅದು ರೀಡರ್ ಹತ್ತಿರ ಬಂದರೆ ತನ್ನ ನಂಬರನ್ನು ಕೂಗಿ ಹೇಳುತ್ತದೆ, ಅಷ್ಟೇ. ಗುಟ್ಟು ಗಿಟ್ಟು ಏನೂ ಇಲ್ಲ. ನಮ್ಮವರೊಬ್ಬರು ಕೀ ಮಾಡುವ ಅಂಗಡಿಗೆ ಹೋಗಿ ಅಡುಗೆಯವರಿಗೆ ಅಂತ ಇನ್ನೊಂದು ಮಾಡಿಸಿಕೊಂಡು ಬಂದಿದ್ದರು! ಬದಲಿಸಿ ಅಂದಾಗ ಕಂಪನಿಯವರು ಮೈಫೇರ್ ಕ್ಲಾಸಿಕ್ ಅನ್ನೋ ಇನ್ನೊಂದು ಬಗೆಯ ಕಾರ್ಡ್ ತೋರಿಸಿದರು. ಅದರ ಗೂಢಲಿಪಿಯನ್ನು ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2008ರಲ್ಲೇ ಮುರಿದು ತೋರಿಸಿದ್ದಾರೆ ಅಂತ ಹೇಳಿ, ಅದಕ್ಕಿಂತ ಹೊಸದನ್ನು ಹಾಕಿಸಿಕೊಂಡೆವು. ಜಾಸ್ತಿ ದುಡ್ಡು ಹೋಯಿತು, ಆದರೆ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

2023ರ ಒಂದು ಭಾನುವಾರ ಎರಡನೇ ಮಹಡಿಯ ಹುಡುಗ ಬಂದ. ಎಂಜಿನಿಯರಿಂಗ್ ಓದುತ್ತಿದ್ದಾನೆ. 'ಅಂಕಲ್, ಲಾಗಿನ್ ಆಗದೇನೇ ಒಳಗೆ ಹೋಗಬಹುದು' ಅಂದ. ಹಿಂದಿನ ದಿನ ಅವನ ಕಾರ್ಡ್ ನವೀಕರಿಸುವಾಗ ನನ್ನ ಸ್ಕ್ರೀನಿನಲ್ಲಿದ್ದ ವೆಬ್ ವಿಳಾಸ ನೋಡಿಕೊಂಡಿದ್ದನಂತೆ. ಅದನ್ನು ತನ್ನ ಫೋನಿನಲ್ಲಿ ಬರೆದ. ಪಾಸ್‌ವರ್ಡ್ ಕೇಳಲೇ ಇಲ್ಲ. 84 ಮನೆಯವರ ಹೆಸರು, ಫೋನ್ ನಂಬರ್, ಫೋಟೋ, ಯಾರು ಎಷ್ಟು ಹೊತ್ತಿಗೆ ಹೊರಗೆ ಹೋದರು ಎಲ್ಲ ಕಾಣಿಸಿತು. ನನಗೆ ಎದೆ ಧಸಕ್ಕೆಂದಿತು.

ಆಗಿದ್ದಿಷ್ಟು. ಲಾಗಿನ್ ಪುಟ ತನ್ನ ಕೆಲಸ ಸರಿಯಾಗಿಯೇ ಮಾಡುತ್ತದೆ. ತಪ್ಪು ಪಾಸ್‌ವರ್ಡ್ ಕೊಟ್ಟರೆ ಬಿಡುವುದಿಲ್ಲ. ಆದರೆ ಅದರ ಹಿಂದಿರುವ ಪುಟಗಳು 'ನೀನು ಲಾಗಿನ್ ಆಗಿ ಬಂದವನಾ' ಅಂತ ಕೇಳುವುದೇ ಇಲ್ಲ. ಮದುವೆ ಛತ್ರದ ಮುಂಬಾಗಿಲಲ್ಲಿ ನಾಲ್ಕು ಜನ ಪನ್ನೀರು ಹಿಡಿದು ಬಂದವರನ್ನೆಲ್ಲ ವಿಚಾರಿಸುತ್ತಿರುತ್ತಾರೆ ಅಲ್ವಾ? ಅಡುಗೆಮನೆ ಕಡೆಯಿಂದ ಬಂದು ನೇರ ಪಂಕ್ತಿಯಲ್ಲಿ ಕೂತವನನ್ನು ಯಾರು ಕೇಳುತ್ತಾರೆ, ಎಲೆ ಹಾಕಿ ಬಡಿಸುತ್ತಾರೆ. ಹಾಗೆ.

ಮಾಹಿತಿ ಸೋರಿದ್ದು ಅರ್ಧ ಕಥೆ. ಸಾಫ್ಟ್‌ವೇರಿನಲ್ಲಿ ದೂರದಿಂದ ಬಾಗಿಲು ತೆರೆಯುವ ಒಂದು ಬಟನ್ ಇದೆ. ಅದೂ ಹೀಗೇನಾ ಅಂತ ನೋಡಲು ಇಬ್ಬರೂ ಬೇಸ್‌ಮೆಂಟಿಗೆ ಇಳಿದೆವು. ಹುಡುಗ ಫೋನಿನಿಂದ ಆ ಬಟನ್ನಿನ ಆಜ್ಞೆಯನ್ನೇ ನೇರ ಕಳಿಸಿದ. ಟಕ್ ಅಂತ ಲಾಕ್ ಬಿಟ್ಟಿತು. ಕಾರ್ಡ್ ಇಲ್ಲ, ಪಾಸ್‌ವರ್ಡ್ ಇಲ್ಲ. ಮೇಲೆ ಬಂದು ದಾಖಲೆ ನೋಡಿದರೆ 'ಬಾಗಿಲು ತೆರೆದವರು: ಅಡ್ಮಿನ್' ಅಂತ ಬರೆದುಕೊಂಡಿತ್ತು. ಅಂದರೆ ನಾನು! ನಾಳೆ ಯಾರದೋ ಮನೆ ಕಳ್ಳತನವಾದರೆ ಪೊಲೀಸರಿಗೆ ಸಿಗುವುದು ನನ್ನ ಹೆಸರು.

ಇದರ ಜೊತೆಗೆ, ಸಾಧನ ಹಾಕಿದ ಹುಡುಗರು ತಮ್ಮ ಆಫೀಸಿನಿಂದಲೇ ರಿಪೇರಿ ಮಾಡಲು ಅನುಕೂಲ ಅಂತ ನಮ್ಮ ರೌಟರಿನಲ್ಲಿ ಒಂದು ಪೋರ್ಟ್, ಅಂದರೆ ಹೊರಗಿನ ಇಂಟರ್ನೆಟ್ಟಿನಿಂದ ಒಳಗೆ ಬರುವ ದಾರಿ, ತೆರೆದಿಟ್ಟಿದ್ದರು. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿದರೂ ಅದೇ ಪಟ್ಟಿ ಬಂತು. ಎರಡು ವರ್ಷ ನಮ್ಮ ಬಾಗಿಲುಗಳ ಬಟನ್ ಇಡೀ ಇಂಟರ್ನೆಟ್ಟಿಗೆ ಕೈಗೆಟುಕುವಂತಿತ್ತು. ಆ ರಾತ್ರಿಯೇ ಪೋರ್ಟ್ ಮುಚ್ಚಿದೆ.

ಗ್ರಾಹಕ ಸೇವೆ ಬಗ್ಗೆ ಏನು ಹೇಳಲಿ. ಮೊದಲ ಉತ್ತರ: 'ಸರ್, ಪಾಸ್‌ವರ್ಡ್ ಚೇಂಜ್ ಮಾಡಿ.' ಪಾಸ್‌ವರ್ಡನ್ನೇ ಕೇಳದ ಪುಟಕ್ಕೆ ಯಾವ ಪಾಸ್‌ವರ್ಡ್ ಇಟ್ಟರೇನು? ಎರಡನೇ ಉತ್ತರ: 'ಅದು ಒಳಗಿನ ನೆಟ್‌ವರ್ಕ್ ಅಲ್ವಾ ಸರ್, ಹೊರಗಿನವರು ಬರಲ್ಲ.' ಪೋರ್ಟ್ ತೆರೆದವರೂ ಇವರೇ. ಕೊನೆಗೆ ವಿಡಿಯೋ ಮಾಡಿ ಕಳಿಸಿದೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೂ ವರದಿ ಮಾಡಿದೆ. ಅಪ್‌ಡೇಟ್ ಬರಲು ಎರಡೂವರೆ ತಿಂಗಳಾಯಿತು.

ಕಂಪನಿಯ ಮೇಲೆ ಕೋಪ ಇಳಿದ ಮೇಲೆ ಸ್ವಲ್ಪ ಓದಿಕೊಂಡೆ. ದೊಡ್ಡವರದೂ ಇದೇ ಹಾಡು. ಹಿಕ್‌ವಿಷನ್ ಕ್ಯಾಮೆರಾಗಳಲ್ಲಿ 2017ರಲ್ಲಿ ಸಿಕ್ಕಿದ ಭದ್ರತೆಯ ತೂತು ನೋಡಿ, ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆ ಸಿವಿಇ-2017-7921. ವೆಬ್ ವಿಳಾಸದ ಕೊನೆಗೆ ಒಂದು ನಿಗದಿತ ಸಾಲು ಸೇರಿಸಿದರೆ ಸಾಕು, ಅಡ್ಮಿನ್ ಬಂದ ಅಂತ ಕ್ಯಾಮೆರಾ ನಂಬುತ್ತಿತ್ತು. ಅಪಾಯದ ಅಂಕ 10ಕ್ಕೆ 10. ಇನ್ನೊಂದು ಕಡೆ ಗೂಗಲ್‌ನ ಎಂಜಿನಿಯರ್ ಡೇವಿಡ್ ಟೊಮಾಶಿಕ್ ಅಮೆರಿಕದ ಸನಿವೇಲ್‌ನ ತಮ್ಮದೇ ಆಫೀಸಿನ ಬಾಗಿಲನ್ನು ಕಾರ್ಡ್ ಇಲ್ಲದೆ ತೆರೆದು ತೋರಿಸಿದರು. ಸಾಫ್ಟ್‌ವೇರ್ ಹೌಸ್ ಅನ್ನುವ ಕಂಪನಿಯ ಸಾಧನ ಅದು. ಸಾಧನಗಳು ಕಳಿಸುವ ಸಂದೇಶಗಳಿಗೆ ಗೂಢಲಿಪಿಯ ಬೀಗ ಇತ್ತು, ಆದರೆ ಎಲ್ಲ ಸಾಧನಗಳಲ್ಲೂ ಒಂದೇ ಕೀ! ಗೂಗಲ್‌ನವರು ಆಮೇಲೆ ಆ ಸಾಧನಗಳ ನೆಟ್‌ವರ್ಕನ್ನೇ ಬೇರೆ ಮಾಡಿದರು. ನಾನೂ ಅದನ್ನೇ ಮಾಡಿದೆ. ಬಾಗಿಲುಗಳಿಗೆ ಈಗ ಬೇರೆ ರೌಟರ್ ಇದೆ, ಅದಕ್ಕೆ ಇಂಟರ್ನೆಟ್ ಇಲ್ಲ. ಎರಡು ಸಾವಿರ ರೂಪಾಯಿಯೊಳಗೆ ಮುಗಿಯಿತು.

ನನಗೆ ಜಾಸ್ತಿ ನಗು ಬಂದಿದ್ದು 2024ರದ್ದು. ಝಡ್‌ಕೆಟೆಕೊ ಕಂಪನಿಯ ಮುಖ ಗುರುತಿಸುವ ಯಂತ್ರಗಳಲ್ಲಿ ಸೈಬರ್ ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿಯವರು 24 ತೂತು ಕಂಡುಹಿಡಿದರು. ಆ ಯಂತ್ರ ಕ್ಯೂಆರ್ ಕೋಡನ್ನೂ ಓದುತ್ತದೆ. ಕೋಡಿನೊಳಗೆ ಡೇಟಾಬೇಸಿಗೆ ಹೇಳುವ ಆಜ್ಞೆ ತುರುಕಿ ತೋರಿಸಿದರೆ, ಇವನ್ಯಾರೋ ಈಗಷ್ಟೇ ಒಳಗೆ ಬಿಟ್ಟ ಅಸಲಿ ಮನುಷ್ಯನೇ ಇರಬೇಕು ಅಂದುಕೊಳ್ಳುತ್ತಿತ್ತಂತೆ. ಮುಖ ನೋಡುವ ಯಂತ್ರ ಒಂದು ಚೀಟಿಗೆ ಮೋಸ ಹೋಯಿತು. ಅದೇ ವರ್ಷ ನಮ್ಮ ಕಂಪನಿಯವರು 'ವಿಸಿಟರ್ ಕ್ಯೂಆರ್, ಮೂರು ತಿಂಗಳು ಫ್ರೀ' ಅಂತ ಬಂದರು. ಬೇಡಪ್ಪ, ಮೊದಲು ಹಳೆಯದನ್ನು ರಿಪೇರಿ ಮಾಡಿ ಅಂದೆ.

ಹಾಗಾದರೆ ಕಿತ್ತು ಬಿಸಾಕಲಿಲ್ಲ ಯಾಕೆ? ದುಡ್ಡು. ಐದು ಬಾಗಿಲಿನ ಸಾಮಾನು ಮತ್ತೆ ಹಾಕಿಸಿ ಅಂದರೆ ಜನರಲ್ ಬಾಡಿ ಮೀಟಿಂಗಿನಲ್ಲಿ ನನ್ನನ್ನೇ ಕಿತ್ತು ಬಿಸಾಕುತ್ತಾರೆ. ಹಾಗಾಗಿ ಬಂದವರ ಫೋಟೋ ಬಿಟ್ಟರೆ ಉಳಿದ ಹಳೆಯ ದಾಖಲೆ ಎಲ್ಲ ಅಳಿಸಿದ್ದೇನೆ. ಬಂದುಹೋದ ಸಮಯವನ್ನು 90 ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಹೊಸದಾಗಿ ಕೊಳ್ಳುವವರು ಡೆಮೋ ದಿನ ಒಂದು ಕೆಲಸ ಮಾಡಿ. ಅವರು ಲಾಗಿನ್ ಆಗಿ ತೋರಿಸಿದ ಪುಟದ ವಿಳಾಸವನ್ನು ಕೇಳಿ, ಅವರೆದುರೇ ಬೇರೆ ಫೋನಿನಲ್ಲಿ ತೆರೆಯಿರಿ. ಲಾಗಿನ್ ಕೇಳದಿದ್ದರೆ ಕಾಫಿ ಕೊಟ್ಟು ಕಳಿಸಿ.

ನಾನು ಈಗ ಪ್ರತಿ ಅಪ್‌ಡೇಟ್ ಬಂದಾಗಲೂ ಇದನ್ನೇ ಮಾಡುತ್ತೇನೆ. ಒಂದು ಚೀಟಿಯಲ್ಲಿ 14 ವಿಳಾಸ ಬರೆದಿಟ್ಟುಕೊಂಡಿದ್ದೇನೆ. ಕಳೆದ ತಿಂಗಳ ಅಪ್‌ಡೇಟಿನಲ್ಲಿ 13 ವಿಳಾಸಗಳು ಲಾಗಿನ್ ಪುಟಕ್ಕೆ ವಾಪಸ್ ಕಳಿಸಿದವು. ಹದಿನಾಲ್ಕನೆಯದು ಬಂದವರ ಫೋಟೋ ಇರುವ ಪುಟ. ಅದು ಇನ್ನೂ ತೆರೆಯುತ್ತದೆ. ನಮ್ಮಲ್ಲಿ ನೆಟ್ ಕಿತ್ತಿದ್ದೇವೆ, ಬೇರೆ ಕಡೆಯವರು ಕಿತ್ತಿಲ್ಲದಿರಬಹುದು. ಅದಕ್ಕೇ ಹೆಸರು ಬರೆದಿಲ್ಲ. ದೂರು ಕೊಟ್ಟು ಆರು ವಾರವಾಯಿತು, 'ಪ್ರಗತಿಯಲ್ಲಿದೆ' ಅಂತ ತೋರಿಸುತ್ತಿದೆ.